ಹಬ್ಬಕ್ಕೊಂದು ಹೆಣ

ವರ್ಷಕ್ಕೆ ನಾಲ್ಕೈದು ಸಲ ಮೊಬೈಲಿಗೆ ಒಂದು ಪಟ್ಟಿ ಬಂದು ಬೀಳುತ್ತದೆ: ‘ಈ ರಜೆಯಲ್ಲಿ ಓದಲೇಬೇಕಾದ ಹತ್ತು ಪತ್ತೇದಾರಿ ಕಾದಂಬರಿಗಳು’. ಕಳಿಸುವವರು ಬಸವೇಶ್ವರನಗರದ ನಿವೃತ್ತ ಬ್ಯಾಂಕ್ ಮ್ಯಾನೇಜರು. ಅವರಿಗೆ ಕಳಿಸಿದ್ದು ವಿಜಯನಗರದ ಷಡ್ಡಕ. ಷಡ್ಡಕನಿಗೆ ಕಳಿಸಿದ್ದು ಡಲ್ಲಾಸಿನಲ್ಲಿರುವ ಮಗಳು. ಮೂವರಲ್ಲಿ ಯಾರೂ ಹತ್ತರಲ್ಲಿ ಒಂದನ್ನೂ ಓದಿಲ್ಲ. ಪಟ್ಟಿ ಇರುವುದು ಓದುವುದಕ್ಕಲ್ಲ, ಮುಂದಕ್ಕೆ ತಳ್ಳುವುದಕ್ಕೆ.

ಪಟ್ಟಿಯ ತುಂಬ ಹಿಮ. ಹಿಮ ಬೀಳುತ್ತದೆ, ದಾರಿ ಮುಚ್ಚುತ್ತದೆ, ಹಳೇ ಬಂಗಲೆಯಲ್ಲಿ ನೆಂಟರಿಷ್ಟರು ಸಿಕ್ಕಿಕೊಳ್ಳುತ್ತಾರೆ, ಬೆಳಗಾಗುವಷ್ಟರಲ್ಲಿ ಮನೆಯ ಯಜಮಾನ ಹೆಣವಾಗಿರುತ್ತಾನೆ. ಅಗಾಥಾ ಕ್ರಿಸ್ಟಿ 1938ರಲ್ಲೇ ಕ್ರಿಸ್‌ಮಸ್ ಹಬ್ಬದ ಕೊಲೆಯೊಂದನ್ನು ಹರ್ಕ್ಯುಲ್ ಪೊಯ್ರೊನ ಕೈಗೆ ಕೊಟ್ಟಿದ್ದರು. ಹಬ್ಬಕ್ಕೊಂದು ಹೊಸ ಕ್ರಿಸ್ಟಿ ಎಂಬುದನ್ನು ಪ್ರಕಾಶಕರು ಮಾರಾಟದ ಮಂತ್ರ ಮಾಡಿಕೊಂಡರು. ನಾವು ಯುಗಾದಿಗೆ ಹೊಸ ಬಟ್ಟೆ ತರುತ್ತೇವೆ. ಅವರು ಹಬ್ಬಕ್ಕೆ ಹೊಸ ಹೆಣ ತರುತ್ತಾರೆ.

ನಾರ್ವೆಯವರಂತೂ ಇದನ್ನು ವ್ರತದ ಹಾಗೆ ನಡೆಸಿಕೊಂಡು ಬಂದಿದ್ದಾರೆ. 1923ರ ಈಸ್ಟರ್ ಹೊತ್ತಿಗೆ ಅಲ್ಲಿನ ಆಫ್ಟನ್‌ಪೋಸ್ಟನ್ ಪತ್ರಿಕೆಯ ಮುಖಪುಟದಲ್ಲಿ, ಬರ್ಗನ್ ರೈಲು ರಾತ್ರಿ ದರೋಡೆಯಾಯಿತು ಎಂಬ ಸಾಲು ದಪ್ಪಕ್ಷರದಲ್ಲಿ ಅಚ್ಚಾಯಿತು. ಜನ ಗಾಬರಿಬಿದ್ದರು. ಅದು ಸುದ್ದಿಯಲ್ಲ, ಹೊಸ ಕಾದಂಬರಿಯೊಂದರ ಜಾಹೀರಾತು. ಅಂದಿನಿಂದ ಈಸ್ಟರ್ ಬಂತೆಂದರೆ ಅಲ್ಲಿನ ಸಂಸಾರಗಳು ಬೆಟ್ಟದ ಮನೆ ಸೇರಿ, ಕಿತ್ತಳೆ ಸುಲಿದು ತಿನ್ನುತ್ತ ಕೊಲೆಯ ಕಥೆ ಓದುತ್ತವೆ. ಹಾಲಿನ ಡಬ್ಬದ ಮೇಲೂ ಪುಟ್ಟ ಪತ್ತೇದಾರಿ ಕಥೆ ಅಚ್ಚಾಗುತ್ತದೆ. ನಮ್ಮಲ್ಲಿ ಜಾಹೀರಾತು ಸುದ್ದಿಯ ವೇಷದಲ್ಲಿ ಬರುವುದು ದಿನನಿತ್ಯದ ಸಂಗತಿಯಾದ್ದರಿಂದ ಯಾರೂ ಗಾಬರಿಬೀಳುವುದಿಲ್ಲ. ಹಾಲಿನ ರಹಸ್ಯಕ್ಕೂ ಕೊರತೆಯಿಲ್ಲ. 2024ರ ಜೂನ್‌ನಲ್ಲಿ ನಂದಿನಿ ಪ್ಯಾಕೆಟ್ಟಿಗೆ 50 ಮಿಲಿಲೀಟರ್ ಹೆಚ್ಚು ಹಾಲು ತುಂಬಿ ಎರಡು ರೂಪಾಯಿ ಏರಿಸಿದರು. 2025ರ ಏಪ್ರಿಲ್‌ನಲ್ಲಿ ಲೀಟರಿಗೆ ನಾಲ್ಕು ರೂಪಾಯಿ ಏರಿಸಿದರು. ಆ 50 ಮಿಲಿಲೀಟರ್ ನಾಪತ್ತೆ. ನಾರ್ವೆಯಲ್ಲಿ ಕಥೆ ಡಬ್ಬದ ಮೇಲಿರುತ್ತದೆ, ನಮ್ಮಲ್ಲಿ ಪ್ಯಾಕೆಟ್ಟಿನ ಒಳಗೇ ಇರುತ್ತದೆ.

ಈ ಹಿಮದ ಪಟ್ಟಿಗಳನ್ನು ಪಶ್ಚಿಮ ಬೆಂಗಳೂರಿಗೆ ತಂದರೆ ಕಾದಂಬರಿ ಎರಡನೇ ಪುಟಕ್ಕೇ ಮುಗಿದುಹೋಗುತ್ತದೆ. ಮುಚ್ಚಿದ ಕೋಣೆಯ ಕೊಲೆಗೆ ಮೊದಲು ಒಂದು ಮುಚ್ಚಿದ ಕೋಣೆ ಬೇಕು. ರಾಜಾಜಿನಗರದ 30–40 ಸೈಟಿನಲ್ಲಿ ಈ ಮನೆಯ ಕುಕ್ಕರ್ ಕೂಗಿದರೆ ಪಕ್ಕದ ಮನೆಯವರು ಗ್ಯಾಸ್ ಆರಿಸುತ್ತಾರೆ. ಎದುರುಮನೆಯ ಸಿಸಿಟಿವಿ ತನ್ನ ಗೇಟಿಗಿಂತ ನಿಮ್ಮ ಗೇಟನ್ನೇ ನಿಷ್ಠೆಯಿಂದ ಕಾಯುತ್ತದೆ. ಇಂಥ ಬೀದಿಗೆ ಯಾವ ಮಹಾ ಪತ್ತೇದಾರ ಬಂದರೂ ಅವನು ಭೂತಗನ್ನಡಿ ಹೊರತೆಗೆಯುವ ಮೊದಲೇ, ರಂಗೋಲಿ ಹಾಕುತ್ತಿದ್ದ ಆಂಟಿ ತಲೆಯೆತ್ತದೆ ಹೇಳಿಬಿಡುತ್ತಾರೆ: ‘ಅಯ್ಯೋ, ಅದಾ? ಅವರ ಎರಡನೇ ಅಳಿಯಂದೇ ಕಣ್ರೀ ಕೆಲಸ. ರಾತ್ರಿ ಹನ್ನೊಂದೂವರೆಗೆ ಬಂದ, ಹನ್ನೆರಡಕ್ಕೆ ಹೋದ. ಚಪ್ಪಲಿ ಬೇರೆ ಬಿಟ್ಟೋಗಿದಾನೆ, ನೋಡ್ಕೊಳಿ.’

ಯಾರು ಮಾಡಿದರು ಎಂಬುದು ಇಲ್ಲಿ ರಹಸ್ಯವೇ ಅಲ್ಲ. ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿದ್ದೂ ಯಾರಿಗೂ ಏನೂ ಆಗದಿರುವುದು ನಮ್ಮ ರಹಸ್ಯ. ಈ ಪ್ರಕಾರದಲ್ಲಿ ನಮ್ಮನ್ನು ಮೀರಿಸುವವರು ಇಂಗ್ಲೆಂಡಿನಲ್ಲೂ ಇಲ್ಲ, ನಾರ್ವೆಯಲ್ಲೂ ಇಲ್ಲ. ಆದ್ದರಿಂದ ನಮ್ಮ ಪಂಚಾಂಗಕ್ಕೆ, ನಮ್ಮ ಹವೆಗೆ, ನಮ್ಮ ಅಪರಾಧಗಳಿಗೆ ಹೊಂದುವ ಪಟ್ಟಿಯೊಂದು ಇಲ್ಲಿದೆ.

ಯುಗಾದಿಗೆ ಎನ್. ನರಸಿಂಹಯ್ಯ. ಓದಿದ್ದು ನಾಲ್ಕನೇ ತರಗತಿಯವರೆಗೆ, ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಹಿಮದಲ್ಲಿ ಸಿಕ್ಕಿಬಿದ್ದ ವಸತಿಗೃಹವೊಂದರ ಕೊಲೆಯ ಕಥೆ ‘ದಿ ಮೌಸ್‌ಟ್ರ್ಯಾಪ್’ 1952ರಲ್ಲಿ ಲಂಡನ್ನಿನ ರಂಗಕ್ಕೇರಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಇಲ್ಲಿ ‘ಪತ್ತೇದಾರ ಪುರುಷೋತ್ತಮ’ ಕಣ್ಣುಬಿಟ್ಟ. ಆ ನಾಟಕ ನೋಡಿದವರು ಕೊಲೆಗಾರನ ಹೆಸರನ್ನು ಹೊರಗೆ ಹೇಳಬಾರದೆಂಬುದು ಲಂಡನ್ನಿನ ಕಟ್ಟಳೆ. ನಮ್ಮ ಸಾಹಿತ್ಯ ವಲಯ ಅದನ್ನೂ ಮೀರಿಸಿ, ಕಾದಂಬರಿಕಾರನ ಹೆಸರನ್ನೇ ಹೊರಗೆ ಹೇಳಬಾರದೆಂದು ಕಟ್ಟಳೆ ಮಾಡಿಕೊಂಡಿತು. ಕನ್ನಡ ಓದುವ ಚಟ ಹತ್ತಿಸಿದ್ದೇ ನರಸಿಂಹಯ್ಯನವರು ಎಂದು ಕಾಫಿ ಕುಡಿಯುವಾಗ ಒಪ್ಪುವ ಹಿರಿಯರು, ವೇದಿಕೆ ಹತ್ತಿದ ಕೂಡಲೇ ಕಾಫ್ಕಾ ಎನ್ನುತ್ತಾರೆ. ಪಠ್ಯಪುಸ್ತಕದ ಮರೆಯಲ್ಲಿ ಪುರುಷೋತ್ತಮನನ್ನು ಬಚ್ಚಿಟ್ಟು ಓದಿದ ಆ ಪೀಳಿಗೆ ಇವತ್ತಿಗೂ ಅವನನ್ನು ಬಚ್ಚಿಟ್ಟುಕೊಂಡೇ ಇದೆ. ನರಸಿಂಹಯ್ಯ 2011ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ರಜೆಯ ಪಟ್ಟಿಗಳಲ್ಲಿ ಅವರು ಅದಕ್ಕೂ ಬಹಳ ಮೊದಲೇ ತೀರಿಕೊಂಡಿದ್ದರು.

ಯುಗಾದಿಗೇ ಯಾಕೆಂದರೆ ಅದರ ಬೆನ್ನಿಗೇ ಏಪ್ರಿಲ್ ಬರುತ್ತದೆ. ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ ಎಂದು ಇಡೀ ವಿಜಯನಗರ ಎದ್ದುಬಿದ್ದು ಕಟ್ಟುತ್ತದೆ. ರಿಯಾಯಿತಿ ಬಂತಲ್ಲ ಎಂಬ ಸಂಭ್ರಮದಲ್ಲಿ ರಸೀದಿಯನ್ನು ಯಾರೂ ಓದುವುದಿಲ್ಲ. ಓದಿದರೆ ಅದೇ ಒಳ್ಳೆಯ ಪತ್ತೇದಾರಿ ಕಥೆ. ತೆರಿಗೆಯ ಮೇಲೆ ಶೇ 24 ಸೆಸ್: ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಕಲ್ಯಾಣಕ್ಕೆ 3. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆ ಆರು ಪಾಲನ್ನು ಪಾಲಿಕೆ ವಸೂಲಿ ಮಾಡಿ ಗ್ರಂಥಾಲಯ ಇಲಾಖೆಗೆ ದಾಟಿಸಬೇಕು. ವಸೂಲಿ ತಪ್ಪದೆ ಆಗುತ್ತದೆ. ದಾಟಿಸುವಾಗ ಮಾತ್ರ ಏನೋ ಆಗುತ್ತದೆ. ಬಾಕಿ ಬೆಳೆದು ಬೆಳೆದು ನೂರಾರು ಕೋಟಿಗೆ ಮುಟ್ಟಿದ್ದನ್ನು ಪತ್ರಿಕೆಗಳು ಮತ್ತೆ ಮತ್ತೆ ಬರೆದಿವೆ. ಕಟ್ಟಿದವರು ಗೊತ್ತು, ಇಟ್ಟುಕೊಂಡವರು ಗೊತ್ತು, ಸೇರಬೇಕಾದವರು ಗೊತ್ತು, ಮೊತ್ತ ಗೊತ್ತು, ಕೈಯಲ್ಲಿ ರಸೀದಿಯೂ ಇದೆ. ಪುರುಷೋತ್ತಮನಿಗೆ ಇಷ್ಟು ಸುಳಿವು ಸಿಕ್ಕಿದ್ದರೆ ಅರ್ಧ ಪುಟದಲ್ಲಿ ಪತ್ತೆ ಮುಗಿಸಿ ಮನೆಗೆ ಹೋಗುತ್ತಿದ್ದ. ಪತ್ತೇದಾರಿ ಕಾದಂಬರಿ ಕೊಳ್ಳಬೇಕಾದ ದುಡ್ಡೇ ಪತ್ತೇದಾರಿ ಕಾದಂಬರಿಯಾಗಿಬಿಟ್ಟಿದೆ. ಅತ್ತ ಹಂಪಿನಗರದ ಗ್ರಂಥಾಲಯದಲ್ಲಿ ಕೆಎಎಸ್ ಪರೀಕ್ಷೆಗೆ ಕೂತ ಹುಡುಗರು ಬೆಳಗಿನಿಂದ ಜಾಗ ಹಿಡಿದು ಓದುತ್ತಿರುತ್ತಾರೆ. ಮುಂದೊಂದು ದಿನ ಪಾಲಿಕೆಗೆ ಅಧಿಕಾರಿಗಳಾಗಿ ಬಂದು ಇದೇ ಬಾಕಿಯ ಕಡತವನ್ನು ಇನ್ನೊಂದು ಮೇಜಿಗೆ ಕಳಿಸಬೇಕಾದವರು ಅವರೇ ತಾನೆ?

ಬೇಸಿಗೆ ರಜೆಗೆ ಯಾವುದೇ ಲೇಖಕರಾದರೂ ಆದೀತು, ಆದರೆ ಪ್ರತಿ ಮಾತ್ರ ಹಳೇ ಸರ್ಕ್ಯುಲೇಟಿಂಗ್ ಲೈಬ್ರರಿಯದೇ ಆಗಬೇಕು. ಆ ಲೈಬ್ರರಿಗಳು ಮುಚ್ಚಿ ಅಲ್ಲೆಲ್ಲ ಮೊಬೈಲ್ ರಿಪೇರಿ ಅಂಗಡಿ, ಚಾಟ್ಸ್ ಅಂಗಡಿ ಬಂದಿವೆ. ಪುಸ್ತಕಗಳು ಮಾತ್ರ ಗುಜರಿಯಲ್ಲಿ ಇನ್ನೂ ಉಸಿರಾಡುತ್ತಿವೆ. ಟಿ.ಕೆ. ರಾಮರಾವ್ ಸಿಗಬಹುದು, ಮಾ.ಭೀ. ಶೇಷಗಿರಿ, ಜಿಂದೆ ನಂಜುಂಡಸ್ವಾಮಿ, ಸುದರ್ಶನ ದೇಸಾಯಿ ಸಿಗಬಹುದು. ಹೊದಿಕೆಗೆ ದಪ್ಪ ರಟ್ಟು, ಬೆನ್ನಿಗೆ ದಾರದ ಹೊಲಿಗೆ, ಕೊನೆಯ ಪುಟ ಇಲ್ಲ. ಯಾರೋ ಪುಣ್ಯಾತ್ಮರು ಹರಿದಿದ್ದಾರೆ. ಕೊಲೆಗಾರ ಯಾರೆಂದು ತಿಳಿಯುವ ಗಳಿಗೆಗೆ ಸರಿಯಾಗಿ ರಟ್ಟು. ಹಿಂದಿನವರು ಇದಕ್ಕೆ ಶಾಪ ಹಾಕುತ್ತಿದ್ದರು. ಈಗ ನೋಡಿದರೆ ನಮ್ಮ ಬಡಾವಣೆಗಳ ಬಗ್ಗೆ ಇದಕ್ಕಿಂತ ಪ್ರಾಮಾಣಿಕವಾದ ಆವೃತ್ತಿ ಇನ್ನೊಂದಿಲ್ಲ. ಏಪ್ರಿಲ್‌ನಲ್ಲಿ ಬೋರ್‌ವೆಲ್ ಬತ್ತುತ್ತದೆ, ಮಾರನೇ ದಿನವೇ ಟ್ಯಾಂಕರ್ ಬರುತ್ತದೆ. ನಮ್ಮ ಬೋರಿಗೆ ಸಿಗದ ನೀರು ಟ್ಯಾಂಕರಿಗೆ ಎಲ್ಲಿ ಸಿಕ್ಕಿತು? ಆ ಪುಟ ಹರಿದಿದೆ.

ಆಷಾಢದ ಮಳೆಗೆ ಪೂರ್ಣಚಂದ್ರ ತೇಜಸ್ವಿ. ಮದುವೆ ಮುಂಜಿ ಇಲ್ಲ, ಗೃಹಪ್ರವೇಶ ಇಲ್ಲ, ಛತ್ರಗಳು ಖಾಲಿ; ಬಿಡುವಾಗಿ ಓದುವ ತಿಂಗಳೆಂದರೆ ಇದೇ. ಅವಸರದವರಿಗೆ ‘ಜುಗಾರಿ ಕ್ರಾಸ್’, ಸಮಾಧಾನಿಗಳಿಗೆ ‘ಚಿದಂಬರ ರಹಸ್ಯ’. 1985ರಲ್ಲಿ ಬಂದು 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕಾದಂಬರಿಯಲ್ಲಿ ಒಂದು ಅನುಮಾನದ ಸಾವಿದೆ, ತನಿಖೆಗೆಂದು ಕೆಸರೂರಿಗೆ ಬಂದ ಶಾಮನಂದನ ಅಂಗಾಡಿ ಎಂಬ ಅಧಿಕಾರಿಯಿದ್ದಾನೆ, ಏಲಕ್ಕಿಯಿದೆ, ಕಾಡಿದೆ, ಜಾತಿಯಿದೆ. ಇಷ್ಟೆಲ್ಲ ಇದ್ದೂ, ಪತ್ತೇದಾರಿಯ ಮರ್ಯಾದೆಗೆ ತಕ್ಕಂತೆ ಒಬ್ಬ ಅಪರಾಧಿಯನ್ನು ಹಿಡಿದು ಕೊಟ್ಟು ಕೈತೊಳೆದುಕೊಳ್ಳಲು ತೇಜಸ್ವಿ ಒಪ್ಪುವುದಿಲ್ಲ. ತನಿಖೆ ನಡೆಯುತ್ತಿರುವಂತೆಯೇ ಊರು ಬೆಂಕಿಗೆ ಹತ್ತಿರವಾಗುತ್ತ ಹೋಗುತ್ತದೆ. ನಮ್ಮ ತನಿಖಾ ಆಯೋಗಗಳಿಗೆಲ್ಲ ಮೊದಲ ದಿನವೇ ಕೊಡಬೇಕಾದ ಕೈಪಿಡಿ ಇದು.

ಓದುವ ಜಾಗವನ್ನೂ ಹೇಳಿಬಿಡುತ್ತೇನೆ: ನೇರಳೆ ಮಾರ್ಗದ ಮೆಟ್ರೊ, ದೀಪಾಂಜಲಿನಗರದಿಂದ ಕೆಂಗೇರಿವರೆಗೆ. ಆ ದಾರಿಯಲ್ಲಿ ಮೈಸೂರು ರಸ್ತೆಗೆ ಜೊತೆಯಾಗಿ ಒಂದು ಹೆಣ ಹರಿಯುತ್ತದೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿತೆಂದು ಪ್ರತೀತಿಯಿರುವ ವೃಷಭಾವತಿ ಅದು. ಕೆಂಗೇರಿ ದಾಟಿ ಬೈರಮಂಗಲ ಕೆರೆ ಸೇರಿ, ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಹೆಣ ಎಲ್ಲರ ಕಣ್ಣೆದುರೇ ಬಿದ್ದಿದೆ. ಸುಳಿವು ಹುಡುಕಲು ಭೂತಗನ್ನಡಿ ಬೇಡ, ಮೂಗಿದ್ದರೆ ಸಾಕು. ಜೋರು ಮಳೆ ಬಂದ ದಿನ ಗಾಳಿ ಆಂಜನೇಯನ ಗುಡಿಯೊಳಕ್ಕೇ ನುಗ್ಗಿ ತನ್ನ ಸಾವಿನ ದೂರನ್ನು ತಾನೇ ಒಯ್ದು ಕೊಡುತ್ತದೆ. ಮರುದಿನ ಗುಡಿ ತೊಳೆಯುತ್ತಾರೆ, ದೂರು ಹಾಗೇ ಉಳಿಯುತ್ತದೆ. ಸತ್ತವರೇ ಖುದ್ದಾಗಿ ಠಾಣೆಗೆ ಹೋಗಿ ದೂರು ಕೊಡುವ ಕಥಾವಸ್ತು ಕ್ರಿಸ್ಟಿಗೂ ಹೊಳೆದಿರಲಿಲ್ಲ.

ಗಣೇಶನ ಹಬ್ಬಕ್ಕೆ ದಪ್ಪ ಪುಸ್ತಕ ಬೇಡ. ಬೀದಿಗೊಂದು ಪೆಂಡಾಲು, ಪೆಂಡಾಲಿಗೊಂದು ಆರ್ಕೆಸ್ಟ್ರಾ. ಮನೆಯಲ್ಲಿ ಕೂತು ಓದಲಾಗುವುದಿಲ್ಲ. ಹೊರಗೆ ಬಂದು ಕಂಬಗಳನ್ನು ಓದಿ. ಫ್ಲೆಕ್ಸ್‌ಗಳನ್ನು ತೆರವು ಮಾಡಿ ಎಂದು ಹೈಕೋರ್ಟ್ 2018ರಲ್ಲಿ ಪಾಲಿಕೆಯ ಕಿವಿ ಹಿಂಡಿತ್ತು. ಆದರೂ ಹಬ್ಬ ಬಂತೆಂದರೆ ಮೋದಿ ಆಸ್ಪತ್ರೆ ರಸ್ತೆಯಿಂದ ಹಾವನೂರು ಸರ್ಕಲ್‌ವರೆಗೆ ಗಣಪತಿಗಿಂತ ದೊಡ್ಡ ಮುಖಗಳು ನಮಗೆ ಶುಭಾಶಯ ಕೋರುತ್ತವೆ. ಅಪರಾಧಿ ತನ್ನ ಬಣ್ಣದ ಫೋಟೊ, ಹೆಸರು, ಬಿರುದು, ಸಹಚರರ ಚಿತ್ರಗಳನ್ನೆಲ್ಲ ಅಪರಾಧದ ಸ್ಥಳದಲ್ಲೇ ನೇತುಹಾಕಿ ಹೋಗಿದ್ದಾನೆ. ಮಹಜರಿಗೆ ಬಂದವರು ಅಪರಿಚಿತ ವ್ಯಕ್ತಿಗಳು ಎಂದು ಬರೆದುಕೊಂಡರೆ ಅಚ್ಚರಿಯಿಲ್ಲ. ಕೆಳಗೆ ನಿಂತು ನೋಡಿದರೆ ಯಾರ ಮುಖವೂ ಸರಿಯಾಗಿ ಕಾಣದಷ್ಟು ದೊಡ್ಡದು ಆ ಫ್ಲೆಕ್ಸು.

ಆ ಮುಖಗಳಲ್ಲಿ ಅರ್ಧದಷ್ಟರ ಕೆಳಗೆ ‘ಮಾಜಿ ಪಾಲಿಕೆ ಸದಸ್ಯರು’ ಎಂದಿರುತ್ತದೆ. ಹಾಲಿ ಸದಸ್ಯರು ಎಲ್ಲಿ ಎಂದು ಹುಡುಕಬೇಡಿ. 2015ರಲ್ಲಿ ಗೆದ್ದವರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಸದಸ್ಯರೇ ಇಲ್ಲದೆ ಪಾಲಿಕೆ ನಡೆಯಿತು. 2025ರ ಸೆಪ್ಟೆಂಬರ್‌ನಲ್ಲಿ ಆ ಒಂದು ಪಾಲಿಕೆಯನ್ನು ಐದು ತುಂಡು ಮಾಡಿ, ಒಂದು ತುಂಡಿಗೆ ಬೆಂಗಳೂರು ಪಶ್ಚಿಮ ಎಂದು ಹೆಸರಿಟ್ಟರು. ಕಾಣೆಯಾದವರನ್ನು ಹುಡುಕಿಕೊಡಿ ಎಂದರೆ ಮನೆಯನ್ನೇ ಐದು ಭಾಗ ಮಾಡಿ ಬೀಗದ ಕೈ ಕೊಡುವ ಈ ತಂತ್ರ ಯಾವ ಕಾದಂಬರಿಯಲ್ಲೂ ಬಂದಿಲ್ಲ.

ಪಿತೃಪಕ್ಷಕ್ಕೆ ಓದಬೇಕಾದದ್ದು ಕಾದಂಬರಿಯಲ್ಲ, ನಗರದ ಕಳೆದುಹೋದ ಕೆರೆಗಳ ಪಟ್ಟಿ. ಒಂದು ಕಾಲಮಿನಲ್ಲಿ ಸತ್ತವರ ಹೆಸರು, ಎದುರಿಗೆ ಅವರ ಮೇಲೆ ಎದ್ದು ನಿಂತಿರುವುದು. ಧರ್ಮಾಂಬುಧಿ: ಕೆಂಪೇಗೌಡ ಬಸ್ ನಿಲ್ದಾಣ. ಕುರುಬರಹಳ್ಳಿ: ಬಡಾವಣೆ. ಸಾಣೆಗುರುವನಹಳ್ಳಿ: ಆಟದ ಮೈದಾನ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯ ಕಟ್ಟಡ. ಕೊನೆಯದನ್ನು ಇನ್ನೊಮ್ಮೆ ಓದಿ. ಕೊಲೆಯಾದವನ ಎದೆಯ ಮೇಲೆ ಕುರ್ಚಿ ಹಾಕಿಕೊಂಡು ಕೊಲೆ ತಡೆಯುವ ಇಲಾಖೆ ಕೂತಿದೆ ಎಂದು ಯಾರಾದರೂ ಕಾದಂಬರಿಯಲ್ಲಿ ಬರೆದಿದ್ದರೆ, ಸಂಪಾದಕರು ಇದು ಅತಿಯಾಯಿತು ಎಂದು ವಾಪಸ್ ಕಳಿಸುತ್ತಿದ್ದರು.

ದಸರೆಗೆ ಕೆ.ಎನ್. ಗಣೇಶಯ್ಯ. ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿ. ಇವರ ರೋಚಕ ಕಥೆಗಳಲ್ಲಿ ಪಾತ್ರಗಳು ಓಡುತ್ತಿದ್ದರೆ ಕೆಳಗಡೆ ಅಡಿಟಿಪ್ಪಣಿಗಳೂ ಜೊತೆಗೇ ಓಡುತ್ತವೆ. ಆನೆ ಅಂಬಾರಿಯ ಹಬ್ಬಕ್ಕೆ ‘ಕರಿಸಿರಿಯಾನ’ವೇ ಸರಿ. 1565ರ ಸೋಲಿನ ಬಳಿಕ ವಿಜಯನಗರದಿಂದ ಆನೆಗಳ ಮೇಲೆ ಹೇರಿ ಸಾಗಿಸಿದ ಐಶ್ವರ್ಯ ಎಲ್ಲಿ ಹೋಯಿತು ಎಂಬ ಹುಡುಕಾಟ ಅದು. ನಮ್ಮ ವಿಜಯನಗರದವರು, ಹಂಪಿನಗರದವರು ಹೆಸರಿನ ಋಣಕ್ಕಾದರೂ ಓದಬೇಕು. ಮೈಸೂರಿಗೆ ಹೊರಟ ಕಾರು ಎಕ್ಸ್‌ಪ್ರೆಸ್ ವೇ ಮುಟ್ಟುವ ಮೊದಲು ಕೆಂಗೇರಿಯಲ್ಲಿ ನಿಲ್ಲುವ ಹೊತ್ತಿನಲ್ಲಿ ಅಡಿಟಿಪ್ಪಣಿಗಳನ್ನೂ ಮುಗಿಸಬಹುದು. ಓದುತ್ತ ಒಂದು ಸಂಗತಿ ಮಾತ್ರ ಕಾಡುತ್ತದೆ. ನಾನೂರೈವತ್ತು ವರ್ಷ ಹಿಂದಿನ ನಿಧಿಯ ಜಾಡನ್ನು ತಾಳೆಗರಿ, ಶಾಸನ, ಶಿಲ್ಪಗಳಿಂದ ಹಿಡಿಯುವ ಬುದ್ಧಿ ಕನ್ನಡಿಗರಿಗಿದೆ. ಹೋದ ವರ್ಷದ ರಸ್ತೆ ಡಾಂಬರಿನ ಜಾಡು ಹಿಡಿಯಲು ಮಾತ್ರ ಯಾವ ಶಾಸನವೂ ಸಿಗುವುದಿಲ್ಲ.

ನವೆಂಬರ್ ಕನ್ನಡದ ತಿಂಗಳು, ಪುಸ್ತಕಗಳಿಗೆ ರಿಯಾಯಿತಿಯ ತಿಂಗಳು. ಅನುಷ್ ಶೆಟ್ಟಿಯವರಂಥ ಹೊಸಬರು ಕುತೂಹಲದ ಕಥೆಯನ್ನು ಯಾವ ಹಿಂಜರಿಕೆಯೂ ಇಲ್ಲದೆ ಬರೆಯುತ್ತಿದ್ದಾರೆ. ಕೊಳ್ಳಿ, ಓದಿ, ಬೈಯುವುದಿದ್ದರೆ ಓದಿದ ಮೇಲೆ ಬೈಯಿರಿ. ರಾಜ್ಯೋತ್ಸವದ ಚಂದಾ ಕೇಳಲು ಬರುವವರ ಕೈಗೂ ಒಂದು ಪ್ರತಿ ಕೊಟ್ಟು ನೋಡಿ. ಮುಂದಿನ ವರ್ಷ ಅವರು ನಿಮ್ಮ ಮನೆ ಬಿಟ್ಟು ಪಕ್ಕದ ಮನೆಗೆ ಹೋಗುವ ಸಾಧ್ಯತೆ ಹೆಚ್ಚು.

ಡಿಸೆಂಬರ್‌ಗೆ, ಮಾಲ್‌ಗಳಲ್ಲಿ ಹತ್ತಿಯ ಹಿಮ ಬೀಳುವ ಹೊತ್ತಿಗೆ, ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಇದನ್ನು ಯಾರೂ ಪತ್ತೇದಾರಿ ಕಪಾಟಿನಲ್ಲಿ ಇಡುವುದಿಲ್ಲ. ಇದರಲ್ಲಿ ಪೊಲೀಸರಿಲ್ಲ, ಪಿಸ್ತೂಲಿಲ್ಲ. ಇಕ್ಕಟ್ಟಿನ ಮನೆಯಿಂದ ದೊಡ್ಡ ಮನೆಗೆ ಬಂದ ಒಂದು ಸಂಸಾರ, ದುಡಿಯುವ ಚಿಕ್ಕಪ್ಪ, ಆ ದುಡಿಮೆಯನ್ನು ಕಾಯುವ ಉಳಿದವರು. ಚಿಕ್ಕಪ್ಪನನ್ನು ಕೇಳಿಕೊಂಡು ಬಾಗಿಲಿಗೆ ಬಂದ ಹೆಂಗಸನ್ನು ಮನೆಯವರೆಲ್ಲ ಒಟ್ಟಾಗಿ ಓಡಿಸುತ್ತಾರೆ. ಏನೋ ಆಗಿದೆ ಅಥವಾ ಆಗಲಿದೆ ಎಂದು ಓದುಗನ ಬೆನ್ನು ತಣ್ಣಗಾಗುತ್ತದೆ. ಹೇಳುವವರು ಯಾರೂ ಇಲ್ಲ. ಕಮಲಾನಗರದಿಂದ ನಾಗರಬಾವಿಗೆ, ಬಾಡಿಗೆ ಮನೆಯಿಂದ ಡ್ಯೂಪ್ಲೆಕ್ಸಿಗೆ ಏರಿದ ಯಾವ ಸಂಸಾರವೂ ಇದನ್ನು ರಾತ್ರಿ ಒಬ್ಬೊಬ್ಬರೇ ಓದಬಾರದು.

ಈ ಪಟ್ಟಿಯ ಮೇಲೆ ಬರುವ ಆಕ್ಷೇಪಣೆಯೂ ಗೊತ್ತು. ‘ಏನ್ ಸಾರ್, ರಜೆಯಲ್ಲಿ ಹಾಯಾಗಿ ಓದೋಣ ಅಂದ್ರೆ ಇಲ್ಲೂ ಚರಂಡಿ, ಕೆರೆ ಅಂತೀರಲ್ಲ.’ ನ್ಯಾಯವೇ. ರಜೆಯಲ್ಲಿ ನಾವು ಕೊಲೆಯ ಕಥೆ ಓದುವುದು ಕೊಲೆಗಾಗಿ ಅಲ್ಲ. ನೂರೈವತ್ತು ಪುಟದೊಳಗೆ ಒಬ್ಬ ಬಂದು ಪ್ರಶ್ನೆ ಕೇಳುತ್ತಾನೆ, ಉತ್ತರ ಬರುವವರೆಗೂ ಎದ್ದು ಹೋಗುವುದಿಲ್ಲ, ಬಂದ ಉತ್ತರಕ್ಕೆ ತಕ್ಕಂತೆ ಯಾರೋ ಒಬ್ಬರು ಬೆಲೆ ತೆರುತ್ತಾರೆ. ಈ ಭೋಗ ಬೇರೆಲ್ಲೂ ಸಿಗದ್ದರಿಂದ ದುಡ್ಡು ಕೊಟ್ಟು ಓದುತ್ತೇವೆ. ಹೊರಗೆ ಆ ಪ್ರಶ್ನೆ ಕೇಳುವುದಕ್ಕೆ ಯಾರು ಬೇಡವೆಂದರು? ಅಳಿಯನ ಚಪ್ಪಲಿಯನ್ನು ಗುರುತಿಸುವ ನಮ್ಮ ಬೀದಿಯ ಆಂಟಿ, ಮೋರಿಯ ವಿಷಯ ಬಂದ ಕೂಡಲೇ ರಂಗೋಲಿ ಡಬ್ಬಿ ಎತ್ತಿಕೊಂಡು ಒಳಗೆ ಹೋಗುವುದೇಕೆ?

ಅದಕ್ಕೆ ಉತ್ತರ 1934ರಲ್ಲೇ ಬಂದಿದೆ. ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ ಇನ್ನೂ ಓದದವರು ಇಲ್ಲಿಗೆ ನಿಲ್ಲಿಸಬಹುದು. ಹಿಮದಲ್ಲಿ ನಿಂತ ರೈಲು, ಬೋಗಿಯಲ್ಲಿ ಹೆಣ, ಮೈಮೇಲೆ ಹನ್ನೆರಡು ಇರಿತ. ಕೊಂದವರು ಯಾರೆಂದರೆ ಎಲ್ಲರೂ. ಒಬ್ಬೊಬ್ಬರದು ಒಂದೊಂದು ಇರಿತ. ಪಟ್ಟಿಯ ಇಷ್ಟು ಹೆಣಗಳ ಮೇಲೂ ನಮ್ಮ ಬೀದಿಯ ಒಂದೊಂದು ಇರಿತವಿದೆ. ಮನೆ ಕಟ್ಟುವಾಗ ಬಿಡಬೇಕಾದ ಮೂರಡಿಯನ್ನು ಬಿಡದವರು, ಕಾರು ಹತ್ತಲು ಫುಟ್‌ಪಾತಿನ ಮೇಲೆ ಇಳಿಜಾರು ಹಾಕಿದವರು, ಒಳಚರಂಡಿ ಕಟ್ಟಿಕೊಂಡಾಗ ಯಾರಿಗೂ ಹೇಳದೆ ಪೈಪನ್ನು ರಾಜಕಾಲುವೆಗೆ ತಿರುಗಿಸಿದವರು, ಮಗನ ನಾಮಕರಣಕ್ಕೂ ಕಂಬಕ್ಕೆ ಫ್ಲೆಕ್ಸ್ ಕಟ್ಟಿದವರು. ಸಾಕ್ಷಿಗಳೇ ಆರೋಪಿಗಳಾದ ಮೇಲೆ ಬಾಯಿ ಬಿಡುವವರು ಯಾರು?

ಕಾದಂಬರಿಯಲ್ಲಿ ಪೊಯ್ರೊ ಎರಡು ಉತ್ತರ ಮುಂದಿಡುತ್ತಾನೆ, ಒಂದು ನಿಜ, ಇನ್ನೊಂದು ಅನುಕೂಲ; ರೈಲಿನ ಮಂದಿ ಅನುಕೂಲದ್ದನ್ನು ಆರಿಸಿಕೊಳ್ಳುತ್ತಾರೆ. ನಾವು ಆ ಎರಡನೆಯದಕ್ಕೆ ಅಕ್ರಮ–ಸಕ್ರಮ ಎಂದು ಹೆಸರಿಟ್ಟು ಸರ್ಕಾರಿ ಯೋಜನೆಯನ್ನೇ ಮಾಡಿದೆವು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ತಡೆ ಬಿತ್ತೆಂದು ಯಾರೂ ಒಂದು ಇಟ್ಟಿಗೆಯನ್ನೂ ಹಿಂದಕ್ಕೆ ಸರಿಸಲಿಲ್ಲ. ಆ ರೈಲು ಹಿಮದಲ್ಲಿ ನಿಲ್ಲುವ ಬದಲು ಕೆಂಗೇರಿ ಸ್ಟೇಷನ್ನಿನಲ್ಲಿ ನಿಂತಿದ್ದರೆ ಪತ್ತೇದಾರನ ಅಗತ್ಯವೇ ಬೀಳುತ್ತಿರಲಿಲ್ಲ. ಹನ್ನೆರಡು ಮಂದಿಯಿಂದಲೂ ಇರಿತಕ್ಕಿಷ್ಟು ಎಂದು ದಂಡ ಕಟ್ಟಿಸಿಕೊಂಡು, ಏಪ್ರಿಲ್ ಒಳಗಾದರೆ ಶೇ 5 ರಿಯಾಯಿತಿ ಕೊಟ್ಟು, ಹೆಣಕ್ಕೊಂದು ಬಿ ಖಾತೆ ಮಾಡಿಸಿ ಕಳಿಸುತ್ತಿದ್ದರು.